ತೂಕವೇ ಬಂಧವಾಗದು

1988ರ ಡಿಸೆಂಬರ್ 7ರ ಬೆಳಗ್ಗೆ 11 ಗಂಟೆ 41 ನಿಮಿಷಕ್ಕೆ, ಆಗ ಸೋವಿಯತ್ ಒಕ್ಕೂಟದ ಭಾಗವಾಗಿದ್ದ ಆರ್ಮೇನಿಯಾದಲ್ಲಿ 6.8 ತೀವ್ರತೆಯ ಭೂಕಂಪವಾಯಿತು. ಸತ್ತವರು ಸುಮಾರು 25,000. ಕಂಪನದ ಕೇಂದ್ರ ಸ್ಪಿಟಾಕ್ ಪಟ್ಟಣದ ಬಳಿ ಇತ್ತು. ಅಲ್ಲಿಂದ ಸುಮಾರು ಮೂವತ್ತು ಕಿಲೋಮೀಟರ್ ದೂರದ ಲೆನಿನಾಕಾನ್ (ಇಂದಿನ ಗ್ಯುಮ್ರಿ) ನಗರದಲ್ಲಿ, ಕಾರ್ಖಾನೆಯಲ್ಲಿ ಎರಕ ಹೊಯ್ದು ತಂದ (ಪ್ರೀಕಾಸ್ಟ್) ಕಾಂಕ್ರೀಟು ಭಾಗಗಳಿಂದ ಕಟ್ಟಿದ ಎರಡು ಬಗೆಯ ವಸತಿ ಕಟ್ಟಡಗಳಿದ್ದವು. ಒಂದು, ಕಂಬ ಮತ್ತು ತೊಲೆಗಳ ಚೌಕಟ್ಟಿನದು. ಹೆಚ್ಚಿನವು ಒಂಬತ್ತು ಅಂತಸ್ತಿನವು. ಇನ್ನೊಂದು, ಕೋಣೆಯ ಗೋಡೆಯಷ್ಟು ದೊಡ್ಡ ಕಾಂಕ್ರೀಟು ಫಲಕಗಳನ್ನೇ ಒಂದಕ್ಕೊಂದು ಜೋಡಿಸಿ ಎಬ್ಬಿಸಿದ್ದು. ಭೂಕಂಪದ ನಂತರ ಎಣಿಸಿದಾಗ ಮೊದಲ ಬಗೆಯ 133 ಕಟ್ಟಡಗಳಲ್ಲಿ 72 ಕುಸಿದಿದ್ದವು, 55 ತೀವ್ರವಾಗಿ ಜಖಂ ಆಗಿದ್ದವು. ಎರಡನೆಯ ಬಗೆಯ 16 ಕಟ್ಟಡಗಳಲ್ಲಿ ಒಂದೂ ಬೀಳಲಿಲ್ಲ. ಊರು ಒಂದೇ, ಕಂಪನ ಒಂದೇ, ಕಾಂಕ್ರೀಟು ತಯಾರಿಸಿದ ವ್ಯವಸ್ಥೆಯೂ ಒಂದೇ. ಫಲ ಮಾತ್ರ ಅಜಗಜಾಂತರ. ಪ್ರೀಕಾಸ್ಟ್ ಕಟ್ಟಡ ಭೂಕಂಪಕ್ಕೆ ಸುರಕ್ಷಿತವೋ ಅಲ್ಲವೋ ಎಂದು ಒಂದೇ ಮಾತಿನ ಉತ್ತರ ಕೇಳುವವರು ಮೊದಲು ಈ ಲೆಕ್ಕವನ್ನು ನೋಡಬೇಕು.

ಪ್ರೀಕಾಸ್ಟ್ ನಮಗೀಗ ದೂರದ ಸಂಗತಿಯಲ್ಲ. ಬೆಂಗಳೂರಿನ ಮೆಟ್ರೋ ಮೇಲ್ಸೇತುವೆಯ ತುಂಡುಗಳು ಯಾರ್ಡಿನಲ್ಲಿ ತಯಾರಾಗಿ ಲಾರಿಯ ಮೇಲೆ ಬಂದಂಥವು. ವಸತಿ ಸಮುಚ್ಚಯ, ಗೋದಾಮು, ಕಾರ್ಖಾನೆ ಶೆಡ್ಡುಗಳಿಗೂ ಈ ವಿಧಾನ ಬಂದಿದೆ. ಸ್ಥಳದಲ್ಲೇ ಸೆಂಟ್ರಿಂಗ್ ಹೊಡೆದು, ಕಂಬಿ ಕಟ್ಟಿ, ಮೋಲ್ಡ್ ಹಾಕುವ ಕಟ್ಟಡದಲ್ಲಿ ತೊಲೆಯ ಕಂಬಿ ಕಂಬದೊಳಕ್ಕೆ ಹೊಕ್ಕು ಬಾಗಿರುತ್ತದೆ, ಎರಡರ ಸುತ್ತಲೂ ಹಸಿ ಕಾಂಕ್ರೀಟು ಒಟ್ಟಿಗೆ ಗಟ್ಟಿಯಾಗುತ್ತದೆ. ಎಲ್ಲಿ ತೊಲೆ ಮುಗಿಯಿತು, ಎಲ್ಲಿ ಕಂಬ ಶುರುವಾಯಿತು ಎಂಬ ಗೆರೆ ಅಲ್ಲಿಲ್ಲ. ಪ್ರೀಕಾಸ್ಟಿನಲ್ಲಿ ಆ ಗೆರೆ ಇದ್ದೇ ಇದೆ. ಕ್ರೇನ್ ಎತ್ತಿ ತಂದಿಟ್ಟ ತೊಲೆ, ಕಂಬದ ಮೇಲೆ ಬಂದು ಕೂರುತ್ತದೆ. ತುಂಡುಗಳನ್ನು ಕಾರ್ಖಾನೆಯ ಹದದಲ್ಲಿ, ಸೂರಿನಡಿಯಲ್ಲಿ, ಅಳತೆ ಹಿಡಿದು ಮಾಡಿರುವುದರಿಂದ ಅವು ಸಾಮಾನ್ಯವಾಗಿ ಸೈಟಿನ ಕಾಂಕ್ರೀಟಿಗಿಂತ ಒಳ್ಳೆಯವೇ. ಹಾಗಾದರೆ ಕಟ್ಟಡದ ಭವಿಷ್ಯ ನಿಂತಿರುವುದು ತುಂಡುಗಳು ಕೂಡುವ ಜಾಗದಲ್ಲಿ. ಕಳೆದ ನಾಲ್ಕು ದಶಕಗಳ ಭೂಕಂಪಗಳು ಮತ್ತೆ ಮತ್ತೆ ಸಾಬೀತು ಮಾಡಿರುವುದು ಇಷ್ಟು: ಜೋಡಣೆಯನ್ನು ಬೇಕೆಂದೇ ಯೋಚಿಸಿ ಮಾಡಿದ ಪ್ರೀಕಾಸ್ಟ್ ಕಟ್ಟಡ ನಿಲ್ಲುತ್ತದೆ. ಮೇಲಿನ ಭಾರವೇ ಹಿಡಿದುಕೊಳ್ಳುತ್ತದೆ ಎಂದು ಜೋಡಣೆಯನ್ನು ಹಾಗೇ ಬಿಟ್ಟದ್ದು ಬೀಳುತ್ತದೆ.

ಭಾರವನ್ನೇ ನಂಬಿದರೆ ಏನಾಗುತ್ತದೆ ಎಂಬುದನ್ನು ಉತ್ತರ ಇಟಲಿಯ ಎಮಿಲಿಯಾ ಪ್ರಾಂತ ಅತ್ಯಂತ ಸ್ಪಷ್ಟವಾಗಿ ತೋರಿಸಿತು. ಅಲ್ಲಿನ ಕಾರ್ಖಾನೆಗಳು ಹೆಚ್ಚಾಗಿ ಒಂದೇ ಅಂತಸ್ತಿನ ಪ್ರೀಕಾಸ್ಟ್ ಶೆಡ್ಡುಗಳು. ಎತ್ತರದ ಕಂಬಗಳು, ಅವುಗಳ ನೆತ್ತಿಯಲ್ಲಿ ಉದ್ದನೆಯ ತೊಲೆಗಳು, ತೊಲೆಯ ಮೇಲೆ ಛಾವಣಿಯ ಭಾಗಗಳು. ಎಷ್ಟೋ ಕಡೆ ತೊಲೆಗೂ ಕಂಬಕ್ಕೂ ನಡುವೆ ಬೋಲ್ಟಿರಲಿಲ್ಲ, ಕಂಬಿಯೂ ಇರಲಿಲ್ಲ. ಇದ್ದದ್ದು ಉಜ್ಜುವಿಕೆಯ ಹಿಡಿತ, ಅಂದರೆ ಘರ್ಷಣೆ ಮಾತ್ರ. ಲೆಕ್ಕ ಹಾಕಿ ನೋಡೋಣ. ಒಂದು ಕಂಬದ ಮೇಲೆ 20 ಟನ್ ಭಾರ ಕೂತಿದೆ, ಘರ್ಷಣೆಯ ಗುಣಾಂಕ 0.3 ಎಂದುಕೊಳ್ಳಿ. ಆಗ ಅಡ್ಡಕ್ಕೆ ತಡೆಯುವ ಶಕ್ತಿ 6 ಟನ್. ಭೂಮಿಯ ಅಡ್ಡ ಅಲುಗಾಟ ಗುರುತ್ವದ ಹತ್ತರಲ್ಲಿ ಮೂರು ಪಾಲು ಮುಟ್ಟಿದರೆ ತೊಲೆಯನ್ನು ಜರುಗಿಸುವ ಬಲವೂ ಅಷ್ಟೇ ಆಗುತ್ತದೆ. ಇಷ್ಟಕ್ಕೇ ಮುಗಿಯಲಿಲ್ಲ. ಕೇಂದ್ರದ ಹತ್ತಿರ ಭೂಮಿ ಮೇಲಕ್ಕೂ ಕೆಳಕ್ಕೂ ಜೋರಾಗಿ ಅಲುಗುತ್ತದೆ. ನೆಲ ಕೆಳಕ್ಕೆ ಜಾರಿದ ಕ್ಷಣದಲ್ಲಿ ತೊಲೆ ಹಗುರಾಗುತ್ತದೆ. ಅದರ ಒತ್ತಡ ಅರ್ಧಕ್ಕೆ ಇಳಿದರೆ ತಡೆಯುವ ಶಕ್ತಿಯೂ 3 ಟನ್ನಿಗೆ ಇಳಿಯುತ್ತದೆ. ಹಿಡಿತ ಯಾವಾಗ ಹೆಚ್ಚು ಬೇಕೋ ಆಗಲೇ ಅದು ಕಮ್ಮಿಯಾಗುವ ಜೋಡಣೆ ಇದು. ನಿಶ್ಚಲ ನೆಲದ ಮೇಲೆ ನೂರು ವರ್ಷ ನಿಲ್ಲಬಹುದಾದ ಶೆಡ್ಡು ಕೆಲವೇ ಸೆಕೆಂಡಿನಲ್ಲಿ ತೊಲೆ ಕಳಚಿಕೊಂಡು ಬೀಳುವುದು ಹೀಗೆ.

2012ರ ಮೇ 20ರಂದು ಮೊದಲ ದೊಡ್ಡ ಕಂಪನ ಬಂದಾಗ ಭಾನುವಾರದ ಬೆಳಗಿನ ಜಾವ, ಗಂಟೆ ನಾಲ್ಕು. ಕಾರ್ಖಾನೆಗಳು ಬಹುಪಾಲು ಖಾಲಿ. ಆದರೂ ರಾತ್ರಿ ಪಾಳಿಯ ಕೆಲಸಗಾರರು ಸತ್ತರು. ಒಂಬತ್ತು ದಿನಗಳ ನಂತರ, ಮೇ 29ರ ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ಎರಡನೆಯದು ಬಂತು. ಅಷ್ಟರಲ್ಲಿ ಹಲವರು ಕೆಲಸಕ್ಕೆ ಮರಳಿದ್ದರು. ಮಿರಾಂಡೋಲಾ, ಮೆಡೊಲ್ಲಾ, ಸಾನ್ ಫೆಲಿಚೆ ಮುಂತಾದ ಕಡೆ ಶೆಡ್ಡುಗಳ ಛಾವಣಿ ಅವರ ಮೇಲೆ ಬಿತ್ತು. ಆ ಮೇ ತಿಂಗಳಲ್ಲಿ ಸತ್ತ ಒಟ್ಟು 27 ಜನರಲ್ಲಿ ಕೈಗಾರಿಕಾ ಕಟ್ಟಡಗಳ ಪಾಲು ದೊಡ್ಡದು. ಕಂಪನಗಳ ತೀವ್ರತೆ 6ರ ಆಸುಪಾಸಿನದು. ಜಗತ್ತಿನ ಮಟ್ಟಿಗೆ ಅದು ದೈತ್ಯ ಭೂಕಂಪವೇನಲ್ಲ. ಇಟಲಿಯ ಎಂಜಿನಿಯರುಗಳಿಗೆ ಈ ಅಪಾಯ ಗೊತ್ತಿರಲಿಲ್ಲವೆಂದೂ ಅಲ್ಲ. ಭೂಕಂಪ ವಲಯಗಳಲ್ಲಿ ಬರೀ ಘರ್ಷಣೆಯ ಮೇಲೆ ತೊಲೆ ಕೂರಿಸಬಾರದೆಂದು ಅಲ್ಲಿ 1987ರಲ್ಲೇ ನಿಯಮವಾಗಿತ್ತು. ಆದರೆ ಎಮಿಲಿಯಾದ ಈ ಭಾಗ ಭೂಕಂಪ ವಲಯದ ನಕ್ಷೆಗೆ ಸೇರಿದ್ದು 2003ರಲ್ಲಿ. ಹೊಸ ನಿರ್ಮಾಣ ಸಂಹಿತೆ ಕಡ್ಡಾಯವಾದದ್ದು 2009ರಲ್ಲಿ. ಅಷ್ಟು ಹೊತ್ತಿಗೆ ಹೆಚ್ಚಿನ ಶೆಡ್ಡುಗಳು ಎದ್ದುಬಿಟ್ಟಿದ್ದವು. ಭೂಕಂಪದ ನಂತರ ಸರ್ಕಾರ ತಂದ ಸುಗ್ರೀವಾಜ್ಞೆ, ಕಾರ್ಖಾನೆ ಮತ್ತೆ ತೆರೆಯುವ ಮೊದಲು ನೀಗಿಸಬೇಕಾದ ಮೂರು ದೋಷಗಳನ್ನು ಹೆಸರಿಸಿತು: ಕಂಬಕ್ಕೂ ತೊಲೆಗೂ ಬಂಧವಿಲ್ಲದಿರುವುದು, ಹೊರಗೋಡೆಯ ಫಲಕಗಳನ್ನು ಸರಿಯಾಗಿ ಹಿಡಿದು ನಿಲ್ಲಿಸದಿರುವುದು, ಒಳಗಿನ ಭಾರೀ ಸರಕಿನ ಚರಣಿಗೆಗಳಿಗೆ ಆಸರೆಯಿಲ್ಲದಿರುವುದು. ಮೂರೂ ಹಿಡಿತದ ದೋಷಗಳೇ. ಕಾಂಕ್ರೀಟಿನ ಗುಣಮಟ್ಟದ ಮಾತು ಆ ಪಟ್ಟಿಯಲ್ಲಿ ಇಲ್ಲ.

ಲೆನಿನಾಕಾನಿನ ವಿಷಯದಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಆ ನಗರ ನಿಂತಿರುವುದು ಹಳೆಯ ಸರೋವರದ ಆಳವಾದ ಮೆಕ್ಕಲು ಮಣ್ಣಿನ ಮೇಲೆ. ಅಂಥ ಮಣ್ಣು ನಿಧಾನಗತಿಯ ಅಲುಗಾಟವನ್ನು ಹಿಗ್ಗಿಸುತ್ತದೆ. ಒಂಬತ್ತು ಅಂತಸ್ತಿನ ಬಳುಕುವ ಚೌಕಟ್ಟುಗಳು ಆ ಗತಿಗೆ ತಾಳ ಹಾಕಿದವು, ಬಿರುಸಾದ ಫಲಕದ ಕಟ್ಟಡಗಳು ಅದರಿಂದ ಪಾರಾದವು; ಆದ್ದರಿಂದ ವ್ಯತ್ಯಾಸಕ್ಕೆ ಕಾರಣ ಮಣ್ಣು, ಜೋಡಣೆಯಲ್ಲ ಎಂದು ಯಾರಾದರೂ ವಾದಿಸಬಹುದು. ಮಣ್ಣಿನ ಪಾತ್ರ ನಿಜ. ಅಲ್ಲಿನ ಅಲುಗಾಟ ವಿನ್ಯಾಸಕಾರರು ಎಣಿಸಿದ್ದಕ್ಕಿಂತ ಜೋರಾಗಿತ್ತು ಎಂಬುದೂ ನಿಜ. ಆದರೆ ಹೆಚ್ಚು ಅಲುಗಿದ ಕಟ್ಟಡವೆಲ್ಲ ಬೀಳಲೇಬೇಕೆಂದಿಲ್ಲ. ಬಾಗಿ, ಬಿರಿದು, ವಾಲಿ ನಿಂತರೂ ಒಳಗಿನವರು ಬದುಕುತ್ತಾರೆ. ಅಲ್ಲಿನ ಚೌಕಟ್ಟುಗಳಿಗೆ ಬಾಗುವ ಅವಕಾಶವೇ ಇರಲಿಲ್ಲ. ಕಂಬಕ್ಕೆ ಕಂಬವನ್ನು ಸೇರಿಸಿದ್ದು ಸೈಟಿನಲ್ಲಿ ಕಂಬಿಗೆ ಕಂಬಿ ವೆಲ್ಡ್ ಮಾಡಿ. ಕಂಬದ ಸುತ್ತಲಿನ ರಿಂಗುಗಳು ವಿರಳ, ಅವುಗಳ ತುದಿ ಒಳಕ್ಕೆ ಬಾಗಿ ಕಚ್ಚಿಕೊಂಡಿರಲಿಲ್ಲ. ನೆಲದ ಟೊಳ್ಳು ಹಲಗೆಗಳನ್ನು ಒಂದಕ್ಕೊಂದಾಗಲಿ ಗೋಡೆಗಾಗಲಿ ಬಿಗಿದಿರಲಿಲ್ಲ. ಹೀಗಾಗಿ ನೆಲವು ಒಂದೇ ಹಾಸಾಗಿ ಬಲವನ್ನು ಗೋಡೆಗಳಿಗೆ ಹಂಚಲಿಲ್ಲ, ಹಲಗೆಹಲಗೆಯಾಗಿ ಉದುರಿತು. ಫಲಕದ ಕಟ್ಟಡಗಳಲ್ಲಿ ಗೋಡೆಗಳು ಹೆಚ್ಚು, ಗೋಡೆಯ ಉದ್ದಕ್ಕೂ ಜೋಡಣೆಯ ಗೆರೆಯೂ ಉದ್ದ. ಆದ್ದರಿಂದ ಯಾವುದೇ ಒಂದು ಜಾಯಿಂಟಿನ ಮೇಲೆ ಬಿದ್ದ ಹೊರೆ ಸಣ್ಣದು. ಅಂದರೆ ಬಿರುಸುತನವೂ ಜೋಡಣೆಯ ಕಥೆಯ ಒಂದು ಭಾಗವೇ: ಹೊರೆಯನ್ನು ಎಷ್ಟು ಸಂದಿಗಳು ಹಂಚಿಕೊಳ್ಳುತ್ತವೆ ಎಂಬ ಪ್ರಶ್ನೆ ಅದು.

ಜೋಡಣೆ ಎಂದಾಗ ಬಲ ಒಂದೇ ಮುಖ್ಯವಲ್ಲ, ಚಲನೆಗೆ ಎಷ್ಟು ಜಾಗ ಬಿಟ್ಟಿದೆ ಎಂಬುದೂ ಅಷ್ಟೇ ಮುಖ್ಯ. ನ್ಯೂಜಿಲೆಂಡಿನ ವೆಲ್ಲಿಂಗ್‌ಟನ್‌ನಲ್ಲಿ ಸ್ಟಾಟಿಸ್ಟಿಕ್ಸ್ ಹೌಸ್ ಎಂಬ ಕಚೇರಿ ಕಟ್ಟಡವಿತ್ತು. 2005ರಲ್ಲಿ ತೆರೆದದ್ದು, ಆಧುನಿಕ ಸಂಹಿತೆಯ ಪ್ರಕಾರವೇ ಕಟ್ಟಿದ್ದು. 2016ರ ನವೆಂಬರ್ 14ರ ನಡುರಾತ್ರಿ ಕಳೆದ ಕೂಡಲೇ ಕೈಕೋರಾ ಭೂಕಂಪ ಬಂದಾಗ ಅದರ ಎರಡು ಅಂತಸ್ತುಗಳ ನೆಲದ ಭಾಗಗಳು ಕಳಚಿ ಬಿದ್ದವು. ಚೌಕಟ್ಟು ನಿಂತೇ ಇತ್ತು. ಆಗಿದ್ದೇನು? ಕಂಬದ ಬಳಿ ತೊಲೆ ಹಿಂದೆ ಮುಂದೆ ಬಾಗಿದಾಗ ಬಿರುಕು ತೆರೆಯುತ್ತದೆ, ಪೂರ್ತಿ ಮುಚ್ಚುವುದಿಲ್ಲ. ಪ್ರತಿ ಸಲವೂ ತೊಲೆ ಒಂದಿಷ್ಟು ಉದ್ದವಾಗುತ್ತಾ ಕಂಬಗಳನ್ನು ದೂರ ತಳ್ಳುತ್ತದೆ. ನೆಲದ ತುಂಡು ಮಾತ್ರ ಇದ್ದಷ್ಟೇ ಉದ್ದ. ಅದು ಕೂತಿರುವ ಅಂಚು ಕೆಲವೇ ಸೆಂಟಿಮೀಟರ್ ಅಗಲ. ಅದರ ತುದಿಯ ಕಾಂಕ್ರೀಟೂ ಉದುರಿದರೆ ಕೂರಲು ಜಾಗವೇ ಉಳಿಯುವುದಿಲ್ಲ. ಚೌಕಟ್ಟು ಬಾಗಬೇಕೆಂದು ಬಯಸಿದ ವಿನ್ಯಾಸ, ಹಾಗೆ ಬಾಗಿದಾಗ ನೆಲದ ಗತಿಯೇನೆಂದು ಕೊನೆಯವರೆಗೂ ಲೆಕ್ಕ ಹಾಕಿರಲಿಲ್ಲ. ಕ್ಯಾಲಿಫೋರ್ನಿಯಾದ ನಾರ್ತ್‌ರಿಜ್‌ನಲ್ಲಿ 1994ರ ಜನವರಿ 17ರ ನಸುಕಿನಲ್ಲಿ ವಿಶ್ವವಿದ್ಯಾಲಯದ ಪಾರ್ಕಿಂಗ್ ಕಟ್ಟಡ ಬಿದ್ದದ್ದೂ ಇದೇ ಪಾಠ. ಭೂಕಂಪವನ್ನು ತಡೆಯಲೆಂದು ಹೊರಸುತ್ತಿಗೆ ಕಟ್ಟಿದ ಚೌಕಟ್ಟು ಬಾಗಿತಷ್ಟೇ, ಮುರಿಯಲಿಲ್ಲ. ಭಾರ ಹೊರುವುದಷ್ಟೇ ಕೆಲಸವೆಂದುಕೊಂಡಿದ್ದ ಒಳಗಿನ ಪ್ರೀಕಾಸ್ಟ್ ಭಾಗಗಳು ಕುಸಿದು ಹೊರಗಿನ ಕಂಬಗಳನ್ನೂ ಒಳಕ್ಕೆ ಎಳೆದುಕೊಂಡವು. ಅಲುಗಾಟದಲ್ಲಿ ಪಾಲುದಾರರಲ್ಲದ ಭಾಗಗಳು ಕಟ್ಟಡದಲ್ಲಿ ಇರುವುದಿಲ್ಲ.

ಹಾಗಾದರೆ ಒಳ್ಳೆಯ ಜೋಡಣೆ ಹೇಗಿರಬೇಕು? ಎರಡು ದಾರಿಗಳಿವೆ. ಮೊದಲನೆಯದು, ಜೋಡಿಸಿದ ಮೇಲೆ ಕಟ್ಟಡ ಒಂದೇ ಎರಕದ ಕಟ್ಟಡದಂತೆಯೇ ವರ್ತಿಸಬೇಕೆಂಬುದು. ಇದಕ್ಕೆ ಬಳಸುವ ಸಾಧನಗಳಲ್ಲಿ ಪ್ರಸಿದ್ಧವಾದದ್ದು ಗ್ರೌಟ್, ಅಂದರೆ ಹರಿಯುವ ಸಿಮೆಂಟು ಗಾರೆ, ತುಂಬುವ ಸ್ಲೀವ್. ಹವಾಯಿಯ ಎಂಜಿನಿಯರ್ ಆಲ್ಫ್ರೆಡ್ ಯೀ 1960ರ ದಶಕದ ಕೊನೆಯಲ್ಲಿ ರೂಪಿಸಿದ ಇದನ್ನು ಜಪಾನ್ ವ್ಯಾಪಕವಾಗಿ ಬಳಸಿತು. ಮೇಲಿನ ಕಂಬದ ಬುಡದಲ್ಲಿ ಲೋಹದ ದಪ್ಪ ಕೊಳವೆಗಳನ್ನು ಎರಕದಲ್ಲೇ ಕೂರಿಸಿರುತ್ತಾರೆ. ಕೆಳಗಿನ ಕಂಬದಿಂದ ಎದ್ದ ಕಂಬಿಗಳು ಕ್ರೇನ್ ಇಳಿಸಿದಂತೆ ಆ ಕೊಳವೆಗಳೊಳಕ್ಕೆ ಹೋಗಬೇಕು. ನಂತರ ಕೊಳವೆಯ ಕೆಳಗಿನ ರಂಧ್ರದಿಂದ ಗ್ರೌಟನ್ನು ಪಂಪ್ ಮಾಡುತ್ತಾರೆ. ಮೇಲಿನ ರಂಧ್ರದಿಂದ ಅದು ಧಾರೆಯಾಗಿ ಹೊರಬಂದಾಗ ಬಿರಡೆ ಹಾಕುತ್ತಾರೆ. ಗಟ್ಟಿಯಾದ ಮೇಲೆ ಆ ಸಂದಿ ಕಂಬಿಗಿಂತ ಬಲವಾಗಿರುತ್ತದೆ; ಬಲ ಅತಿಯಾದಾಗ ಮಣಿಯುವುದು ಸಂದಿಯ ಆಚೆಯ ಕಂಬಿ. ಉಕ್ಕು ಮಣಿಯುವುದು ನಿಧಾನವಾಗಿ, ಶಕ್ತಿಯನ್ನು ನುಂಗುತ್ತಾ. ಸಂದಿ ಕಳಚುವುದು ಒಮ್ಮೆಗೇ. ಎಲ್ಲಿ ಮಣಿಯಬೇಕೆಂಬುದನ್ನು ವಿನ್ಯಾಸಕಾರ ಮೊದಲೇ ತೀರ್ಮಾನಿಸಿ, ಸಂದಿಯನ್ನು ಆ ಜಾಗದಿಂದ ಹೊರಗಿಡುವುದೇ ಈ ದಾರಿಯ ತಿರುಳು.

ಎರಡನೆಯ ದಾರಿ ಇನ್ನೂ ಸ್ವಾರಸ್ಯದ್ದು. ಸಂದಿ ಇದೆ ಎಂಬುದನ್ನು ಮುಚ್ಚಿಡುವ ಬದಲು ಅದನ್ನೇ ಕೆಲಸಕ್ಕೆ ಹಚ್ಚುವುದು. ಎತ್ತಿನಗಾಡಿಯ ನೊಗವನ್ನು ಮೂಕಿಗೆ ಮೊಳೆ ಹೊಡೆದು ಕೂರಿಸುವುದಿಲ್ಲ, ಹಗ್ಗದಲ್ಲಿ ಬಿಗಿಯುತ್ತಾರೆ; ಹಳ್ಳದಿಣ್ಣೆಯಲ್ಲಿ ನೊಗ ಓಲಾಡುತ್ತದೆ, ಆದರೆ ಕಳಚುವುದಿಲ್ಲ. ಇದೇ ಬಗೆಯಲ್ಲಿ ತೊಲೆಯ ನಡುವೆ ಉದ್ದಕ್ಕೂ ಕಂಬದ ಮೂಲಕ ಹಾಯುವ ಉಕ್ಕಿನ ಹುರಿಯನ್ನು ಜಗ್ಗಿ ಬಿಗಿದಿರುತ್ತಾರೆ. ಭೂಕಂಪದಲ್ಲಿ ತೊಲೆ ಕಂಬಗಳ ನಡುವಿನ ಸಂದಿ ಬಾಯಿ ಬಿಡುತ್ತದೆ, ಹುರಿ ಅದನ್ನು ಮತ್ತೆ ಮುಚ್ಚಿಸುತ್ತದೆ. ಪಕ್ಕದಲ್ಲಿಟ್ಟ ಸಾಧಾರಣ ಕಂಬಿಗಳು ಎಳೆದಾಟದಲ್ಲಿ ಮಣಿದು ಶಕ್ತಿಯನ್ನು ಕರಗಿಸುತ್ತವೆ. ಅಲುಗಾಟ ನಿಂತ ಮೇಲೆ ಕಟ್ಟಡ ತನ್ನ ಜಾಗಕ್ಕೆ ಮರಳುತ್ತದೆ. ಅಮೆರಿಕ ಮತ್ತು ಜಪಾನ್ ಜೊತೆಗೂಡಿ ನಡೆಸಿದ ‘ಪ್ರೆಸ್’ ಸಂಶೋಧನಾ ಯೋಜನೆಯ ಅಂಗವಾಗಿ, ನ್ಯೂಜಿಲೆಂಡ್ ಮೂಲದ ಪ್ರೊಫೆಸರ್ ನೈಜೆಲ್ ಪ್ರೀಸ್ಟ್‌ಲಿ ಅವರ ನೇತೃತ್ವದಲ್ಲಿ, 1999ರಲ್ಲಿ ಸಾನ್ ಡಿಯಾಗೋದ ಪ್ರಯೋಗಾಲಯದಲ್ಲಿ ಇಂಥ ಐದು ಅಂತಸ್ತಿನ ಕಟ್ಟಡವನ್ನು ಶೇ. 60ರ ಅಳತೆಯಲ್ಲಿ ಕಟ್ಟಿ ಪರೀಕ್ಷಿಸಿದರು. ವಿನ್ಯಾಸದ ಮಟ್ಟವನ್ನು ಮೀರಿ ತಳ್ಳಿದರೂ ಹಾನಿ ಅಲ್ಪ. ಪ್ರಯೋಗಾಲಯದ ಯಶಸ್ಸು ಬೀದಿಯಲ್ಲಿ ಉಳಿಯುತ್ತದೆಯೇ ಎಂದು ಕೇಳುವುದು ನ್ಯಾಯವೇ. ಸಾನ್ ಫ್ರಾನ್ಸಿಸ್ಕೋದಲ್ಲಿ 39 ಅಂತಸ್ತಿನ ಪ್ಯಾರಾಮೌಂಟ್ ಗೋಪುರ ಈ ತತ್ತ್ವದ ಮೇಲೆಯೇ ಎದ್ದಿತು. ಕ್ರೈಸ್ಟ್‌ಚರ್ಚ್ ನಗರವನ್ನು 2011ರ ಫೆಬ್ರವರಿಯ ಭೂಕಂಪ ಜರ್ಜರಿತಗೊಳಿಸಿದಾಗ, ಇದೇ ಬಗೆಯಲ್ಲಿ ಕಟ್ಟಿದ್ದ ಸದರ್ನ್ ಕ್ರಾಸ್ ಆಸ್ಪತ್ರೆಯ ಎಂಡೋಸ್ಕೋಪಿ ಕಟ್ಟಡ ಸಣ್ಣಪುಟ್ಟ ಗಾಯಗಳೊಂದಿಗೆ ಉಳಿಯಿತು.

ಇಲ್ಲಿ ಅತ್ಯಂತ ಗಟ್ಟಿಯಾದ ಆಕ್ಷೇಪ ಎದುರಾಗುತ್ತದೆ: ಕಾಗದದ ಮೇಲಿನ ಜಾಯಿಂಟ್ ಎಷ್ಟೇ ಚೆನ್ನಾಗಿರಲಿ, ಸೈಟಿನಲ್ಲಿ ಅದನ್ನು ಮಾಡುವವರು ಅವಸರದಲ್ಲಿರುತ್ತಾರೆ. ಕಂಬಿ ಒಂದು ಸೆಂಟಿಮೀಟರ್ ಪಕ್ಕಕ್ಕೆ ಸರಿದಿದ್ದರೆ ಸ್ಲೀವಿನೊಳಕ್ಕೆ ಹೋಗುವುದಿಲ್ಲ. ಕ್ರೇನ್ ಬಾಡಿಗೆ ಓಡುತ್ತಿದೆ, ಮೇಲೆ ತೂಗುತ್ತಿರುವ ಕಂಬ ಕಾಯುವುದಿಲ್ಲ. ಆಗ ಕಂಬಿಯನ್ನು ಬಗ್ಗಿಸುವ, ಕತ್ತರಿಸುವ ಆಸೆ ಹುಟ್ಟುತ್ತದೆ. ಮುಚ್ಚಿದ ಮೇಲೆ ಒಳಗೇನಿದೆಯೆಂದು ಕಣ್ಣಿಗೆ ಕಾಣದು. ಈ ಆಕ್ಷೇಪಕ್ಕೆ ಇತಿಹಾಸದ ಸಾಕ್ಷಿಯೂ ಇದೆ. ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಫಲಕದ ಕಟ್ಟಡದಲ್ಲಿ 1968ರ ಮೇ 16ರಂದು ಒಂದು ಮನೆಯ ಗ್ಯಾಸ್ ಸ್ಫೋಟಿಸಿ, ಗೋಡೆಯ ಫಲಕ ಹೊರಕ್ಕೆ ಹಾರಿ, ಆ ಮೂಲೆ ಮೇಲಿಂದ ಕೆಳಗಿನವರೆಗೂ ಕುಸಿಯಿತು, ನಾಲ್ವರು ಸತ್ತರು. ಅದು ಭೂಕಂಪವಲ್ಲ, ಆದರೆ ಬಿದ್ದದ್ದು ಜೋಡಣೆಯೇ. 1986ರಲ್ಲಿ ಕಟ್ಟಡವನ್ನು ಬಿಚ್ಚಿದಾಗ, ಗಾರೆ ಇರಬೇಕಾದ ಸಂದಿಗಳಲ್ಲಿ ತುರುಕಿದ ಹಳೆಯ ಪತ್ರಿಕೆಗಳು ಸಿಕ್ಕವು. ಈ ಆಕ್ಷೇಪವನ್ನು ಒಪ್ಪಬೇಕು. ಆದರೆ ಅದರಿಂದ ಪ್ರೀಕಾಸ್ಟೇ ಬೇಡ ಎಂಬ ತೀರ್ಮಾನ ಬರುವುದಿಲ್ಲ. ಬರುವುದು ಬೇರೆ ತೀರ್ಮಾನ: ಜೋಡಣೆಯ ತಪಾಸಣೆ ಕಟ್ಟಡದ ವೆಚ್ಚದ ಭಾಗವಾಗಬೇಕು. ಮೇಲಿನ ರಂಧ್ರದಿಂದ ಗ್ರೌಟ್ ಹೊರಬಂತೇ ಎಂದು ಪ್ರತಿ ಸ್ಲೀವಿನ ಬಳಿ ನಿಂತು ನೋಡಿ ಬರೆದಿಡುವುದು, ಅದೇ ದಿನದ ಗ್ರೌಟಿನ ಮಾದರಿಯನ್ನು ಒಡೆದು ಪರೀಕ್ಷಿಸುವುದು, ಸಂದಿ ಮುಚ್ಚುವ ಮುನ್ನ ಫೋಟೋ ತೆಗೆಯುವುದು. ಇವು ದೊಡ್ಡ ತಂತ್ರಜ್ಞಾನವಲ್ಲ, ಶಿಸ್ತು.

ಅಲ್ಲಲ್ಲೇ ಮೋಲ್ಡ್ ಹಾಕಿ ಕಟ್ಟಿದರೆ ಈ ತೊಂದರೆಯೇ ಇಲ್ಲವಲ್ಲ ಎನ್ನುವವರು 2001ರ ಜನವರಿ 26ರ ಭುಜ್ ಭೂಕಂಪವನ್ನು ನೆನೆಯಬೇಕು. ಕೇಂದ್ರದಿಂದ ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಬಿದ್ದ ಬಹುಮಹಡಿ ಕಟ್ಟಡಗಳು ಸ್ಥಳದಲ್ಲೇ ಎರಕ ಹೊಯ್ದಂಥವು. ಕೆಳಗೆ ಪಾರ್ಕಿಂಗಿಗೆಂದು ಗೋಡೆಯಿಲ್ಲದೆ ಬಿಟ್ಟ ಅಂತಸ್ತು, ರಿಂಗು ಸಾಲದ ಕಂಬ. ಅದೇ ಭೂಕಂಪದಲ್ಲಿ ಕಚ್ಛ್‌ನ ಹಳ್ಳಿಗಳ ಒಂದಂತಸ್ತಿನ ಪ್ರೀಕಾಸ್ಟ್ ಶಾಲೆಗಳೂ ಬಿದ್ದವು, ಛಾವಣಿಯ ಹಲಗೆಗಳು ಗೋಡೆಯನ್ನು ಬಿಟ್ಟು ಜಾರಿದ್ದರಿಂದ. ಎರಡೂ ವಿಧಾನಗಳು ತಮ್ಮ ತಮ್ಮ ದುರ್ಬಲ ಜಾಗದಲ್ಲಿ ಸೋತವು. ವಿಧಾನ ಬದಲಿಸಿದರೆ ದುರ್ಬಲ ಜಾಗ ಬದಲಾಗುತ್ತದೆ, ಇಲ್ಲವಾಗುವುದಿಲ್ಲ.

ಕೊನೆಯ ಆಕ್ಷೇಪ ನಮ್ಮದೇ. ಬೆಂಗಳೂರು ಇರುವುದು 2016ರ ಭಾರತೀಯ ಸಂಹಿತೆಯ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ಎರಡನೇ ವಲಯದಲ್ಲಿ. ಮಂಗಳೂರು, ಕಾರವಾರ, ಬೆಳಗಾವಿಗಳು ಮೂರನೆಯದರಲ್ಲಿ. ಆರ್ಮೇನಿಯಾದ ಭಯ ನಮಗೇಕೆ? ನಕ್ಷೆ ಹೇಳುವುದು ಸಂಭವದ ಮಾತು, ಭರವಸೆಯ ಮಾತಲ್ಲ. ಬೀದರ್, ಕಲಬುರಗಿಗಳ ಗಡಿಯಾಚೆ, ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಸಾವಿರಾರು ಜನರನ್ನು ಕೊಂದ ಭೂಕಂಪ ಬಂದಾಗ, ಆ ನೆಲ ಅಂದಿನ ನಕ್ಷೆಯ ಮೊದಲನೇ, ಅಂದರೆ ತೀರಾ ಕೆಳಗಿನ ವಲಯದಲ್ಲಿತ್ತು. 2002ರ ಪರಿಷ್ಕರಣೆಯಲ್ಲಿ ಆ ಮೊದಲನೇ ವಲಯವನ್ನೇ ಕೈಬಿಟ್ಟರು. ಎಮಿಲಿಯಾದ ಕಥೆಯೂ ಇದೇ. ಹಾಗೆಂದು ಬೆಂಗಳೂರಿನ ಕಟ್ಟಡವನ್ನು ಗುವಾಹಟಿಯ ಬಲಕ್ಕೆ ಕಟ್ಟಬೇಕಿಲ್ಲ. ಬಲದ ಲೆಕ್ಕದಲ್ಲಿ ವಲಯಕ್ಕೆ ತಕ್ಕ ರಿಯಾಯಿತಿ ಸರಿಯೇ. ಬಂಧವಿರಬೇಕೋ ಬೇಡವೋ ಎಂಬುದರಲ್ಲಿ ಮಾತ್ರ ರಿಯಾಯಿತಿ ಸಲ್ಲದು. ಕಟ್ಟಡವನ್ನು ಮುರಿಯದೆ ಮಣಿಯುವಂತೆ ಮಾಡುವ ಭಾರತೀಯ ಸಂಹಿತೆ ಐ.ಎಸ್. 13920, ಒಂದೇ ಎರಕದ ಕಟ್ಟಡದಷ್ಟೇ ಮಣಿಯುವ ಗುಣವನ್ನು ಕೊಡಬಲ್ಲುದಾದರೆ ಮಾತ್ರ ಪ್ರೀಕಾಸ್ಟ್ ಭಾಗಗಳನ್ನು ಬಳಸಬಹುದೆನ್ನುತ್ತದೆ. ಆದರೆ 2016ರ ಆವೃತ್ತಿಯ ಪ್ರಕಾರ ಎರಡನೇ ವಲಯದಲ್ಲಿ ಆ ಸಂಹಿತೆ ಐಚ್ಛಿಕ. ಈ ಸಡಿಲಿಕೆ ಒಂದೇ ಎರಕದ ಕಟ್ಟಡಕ್ಕೆ ಅಷ್ಟು ಅಪಾಯಕಾರಿಯಲ್ಲದಿರಬಹುದು. ಅಲ್ಲಿ ಕಂಬಿ ಹೇಗಿದ್ದರೂ ಸಂದಿಯನ್ನು ದಾಟಿರುತ್ತದೆ. ಬಿಡಿಭಾಗಗಳ ಕಟ್ಟಡಕ್ಕೆ ಅಂಥ ತಾನೇತಾನಾಗಿ ಬರುವ ಬಂಧ ಇಲ್ಲ.

ಎಮಿಲಿಯಾದ ಶೆಡ್ಡುಗಳಿಗೆ ಆಮೇಲೆ ಹಾಕಿದ್ದು ತೊಲೆ ಮತ್ತು ಕಂಬವನ್ನು ಕೂಡಿಸುವ ಉಕ್ಕಿನ ಪಟ್ಟಿ ಮತ್ತು ಬೋಲ್ಟುಗಳನ್ನು. ಇಡೀ ಶೆಡ್ಡಿನ ವೆಚ್ಚದ ಮುಂದೆ ಅದು ಸಣ್ಣ ಬಾಬತ್ತು. ಕಟ್ಟುವಾಗಲೇ ಹಾಕಿದ್ದರೆ ಇನ್ನೂ ಸಣ್ಣದು. ಪ್ರೀಕಾಸ್ಟಿನ ನಿಜವಾದ ಲಾಭ ವೇಗ, ಆ ವೇಗದಲ್ಲಿ ಉಳಿದ ಹಣದ ಒಂದು ಪಾಲನ್ನು ಸಂದಿಗಳಿಗೆ ಮರಳಿಸಬೇಕು. ಪ್ರೀಕಾಸ್ಟ್ ಫ್ಲ್ಯಾಟ್ ಕೊಳ್ಳುವವರು, ಶೆಡ್ಡಿನಲ್ಲಿ ನೂರಾರು ಜನರನ್ನು ದುಡಿಸುವವರು, ನಕ್ಷೆಗೆ ಮಂಜೂರಾತಿ ಕೊಡುವ ಅಧಿಕಾರಿಗಳು ಕಾಂಕ್ರೀಟಿನ ದರ್ಜೆಯನ್ನು ಕೇಳಿ ಸುಮ್ಮನಾಗುವುದು ಸಾಲದು. ತೊಲೆಯನ್ನು ಕಂಬಕ್ಕೆ ಹಿಡಿದಿರುವುದು ಏನು, ನೆಲದ ಹಲಗೆ ಎಷ್ಟು ಅಗಲದ ಅಂಚಿನ ಮೇಲೆ ಕೂತಿದೆ, ಗ್ರೌಟ್ ತುಂಬಿದ ದಿನದ ದಾಖಲೆ ಎಲ್ಲಿ ಎಂದು ಅವರು ಕೇಳಬೇಕು. ಮೊದಲ ಪ್ರಶ್ನೆಗೆ ‘ಅದರ ತೂಕವೇ ಹಿಡಿದಿದೆ’ ಎಂಬ ಉತ್ತರ ಬಂದರೆ, ಕಟ್ಟಡ ಯಾವ ವಲಯದಲ್ಲಿದ್ದರೂ ಅದನ್ನು ಒಪ್ಪಬಾರದು.